ಕೋಡ್ ಗೊತ್ತಿಲ್ಲದೆ ವೆಬ್‌ಸೈಟ್ ಕಟ್ಟಬಹುದೇ?

‘ಕೋಡಿಂಗ್ ಬೇಡ, ಮೌಸ್ ಹಿಡಿಯಲು ಬಂದರೆ ಸಾಕು, ಒಂದೇ ದಿನದಲ್ಲಿ ನಿಮ್ಮ ವೆಬ್‌ಸೈಟ್ ರೆಡಿ’ ಎಂಬ ಜಾಹೀರಾತು ನಮ್ಮೆಲ್ಲರ ಫೋನಿನಲ್ಲೂ ಬರುತ್ತಿರುತ್ತದೆ. ಕಂಪ್ಯೂಟರ್ ಓದಿದವರನ್ನು ಕೇಳಿದರೆ ‘ಅದೆಲ್ಲ ಮಕ್ಕಳಾಟ, ಕೋಡ್ ಕಲಿಯದೆ ಏನೂ ಆಗಲ್ಲ’ ಎಂದು ಮೂಗು ಮುರಿಯುತ್ತಾರೆ. ಎರಡು ಮಾತಿನಲ್ಲೂ ಅರ್ಧ ಮಾತ್ರ ನಿಜ ಇದೆ. ಯಾವ ಅರ್ಧ ಎನ್ನುವುದು ಗೊತ್ತಿದ್ದರೆ ಕೋರ್ಸಿನ ಫೀಸೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಒಬ್ಬ ಬೆಳೆಗಾರರು ತಿಪಟೂರು ಟಾಲ್ ತಳಿಯ ತೆಂಗಿನ ಸಸಿ ಬೆಳೆಸುತ್ತಾರೆ, ಉಂಡೆ ಕೊಬ್ಬರಿಯನ್ನೂ ನೇರವಾಗಿ ಗಿರಾಕಿಗಳಿಗೆ ಮಾರಬೇಕೆಂದಿದ್ದಾರೆ. ಅವರ ಮಗಳು ಡಿಗ್ರಿ ಓದುತ್ತಿದ್ದಾಳೆ, ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಅವರಿಗೆ ಬೇಕಾಗಿರುವುದು ಒಂದು ಪುಟ: ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ, ಯಾರಿಗೆ ಫೋನ್ ಮಾಡಬೇಕು. ಇಷ್ಟಕ್ಕೆ ಕೋಡ್ ಕಲಿಯಬೇಕೇ? ಬೇಡ. ಏನನ್ನೂ ಕಲಿಯದೆ ಆಗುತ್ತದೆಯೇ? ಅದೂ ಇಲ್ಲ.

ನೋಡುತ್ತಾ ಪುಟ ಕಟ್ಟುವುದು ಹೊಸ ಸಂಗತಿ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ವೆಬ್‌ನಷ್ಟೇ ಹಳೆಯದು. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಬರೆದ ಮೊಟ್ಟಮೊದಲ ಬ್ರೌಸರ್‌ನಲ್ಲಿ ಪುಟ ಓದುವುದರ ಜೊತೆಗೆ ಅಲ್ಲೇ ತಿದ್ದಬಹುದಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರ್‌ಗಳು ಓದಲಿಕ್ಕಷ್ಟೇ ಆದವು, ತಿದ್ದುವ ಕೆಲಸ ಬೇರೆ ತಂತ್ರಾಂಶಗಳ ಪಾಲಾಯಿತು. 1995ರಲ್ಲಿ ಫ್ರಂಟ್‌ಪೇಜ್ ಬಂತು, ಮರುವರ್ಷವೇ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 1997ರಲ್ಲಿ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು, ಅದು ಈಗ ಅಡೋಬಿ ಕಂಪನಿಯದು. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ 2018ರ ಕೊನೆಗೆ ಇಟ್ಟಿಗೆಯಂತೆ ತುಂಡುಗಳನ್ನು ಜೋಡಿಸುವ ಸಂಪಾದಕವನ್ನು ತಂದಿತು. ವಿಕ್ಸ್, ವೆಬ್‌ಫ್ಲೋ, ಗೂಗಲ್ ಸೈಟ್ಸ್ ಎಲ್ಲವೂ ಇದೇ ಸಂತತಿ.

ಇವೆಲ್ಲ ಮಾಡುವ ಕೆಲಸ ಒಂದೇ. ನೀವು ಚಿತ್ರ ಎಳೆದು ಇಡುತ್ತೀರಿ, ಅಕ್ಷರ ದಪ್ಪ ಮಾಡುತ್ತೀರಿ, ಒಳಗೆ ತಂತ್ರಾಂಶ ನಿಮ್ಮ ಪರವಾಗಿ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಬರೆಯುತ್ತದೆ. ಅಂದರೆ ಕೋಡ್ ಇಲ್ಲದ ವೆಬ್‌ಸೈಟ್ ಎಂಬುದು ಇಲ್ಲವೇ ಇಲ್ಲ. ಅದನ್ನು ಬರೆಯುವ ಕೈ ನಿಮ್ಮದಲ್ಲ, ಅಷ್ಟೇ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ, ಅಲ್ಲಾಡಿಸಿ ಒಳಗಿನ ಗಡಗಡ ಕೇಳಬೇಕು. ಪುಟವೂ ಹಾಗೇ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡದ್ದು ಒಳಗೆ ಚೆನ್ನಾಗಿದೆ ಎಂದೇನಿಲ್ಲ.

ಹೊಸಬರು ಮೊದಲು ಎಡವುವುದು ಜಾಗದ ಲೆಕ್ಕದಲ್ಲಿ. ಕಾಗದದ ಪೋಸ್ಟರ್ ಮಾಡಿ ಅಭ್ಯಾಸವಿರುವವರು ‘ಈ ಫೋಟೊ ಇಲ್ಲೇ ಇರಬೇಕು’ ಎಂದು ಒಂದು ಬಿಂದುವಿಗೆ ಮೊಳೆ ಹೊಡೆದಂತೆ ಕೂರಿಸುತ್ತಾರೆ. ಆದರೆ ಪರದೆ ಕಾಗದವಲ್ಲ. ಲ್ಯಾಪ್‌ಟಾಪ್‌ನ ಪರದೆ ಸಾವಿರದ ಮುನ್ನೂರಕ್ಕೂ ಹೆಚ್ಚು ಪಿಕ್ಸೆಲ್ ಅಗಲ ಇದ್ದರೆ, ಸಾಮಾನ್ಯ ಫೋನಿನಲ್ಲಿ ಬ್ರೌಸರ್ ಲೆಕ್ಕಕ್ಕೆ ಸಿಗುವುದು ಸುಮಾರು 360. ಮೊಳೆ ಹೊಡೆದ ಫೋಟೊ ಅಲ್ಲಿ ಅಕ್ಷರದ ಮೇಲೆ ಬಂದು ಕೂರುತ್ತದೆ, ಇಲ್ಲವೇ ಅಂಚಿನಾಚೆ ಹೋಗುತ್ತದೆ. ತೋಟ ಹಾಕುವವರಿಗೆ ಈ ತರ್ಕ ಬೇಗ ಹತ್ತುತ್ತದೆ. ಜಮೀನು ಕಿರಿದಾದರೆ ಸಾಲು ಕಡಿಮೆ ಮಾಡುತ್ತೇವೆಯೇ ಹೊರತು ಸಸಿಗಳ ನಡುವಿನ ಮೂವತ್ತು ಅಡಿಯನ್ನು ಹತ್ತಕ್ಕೆ ಇಳಿಸುವುದಿಲ್ಲ. ಪುಟದಲ್ಲೂ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಜಾಗ ಸಾಲದಾಗ ಮುಂದಿನ ಪೆಟ್ಟಿಗೆ ಕೆಳಗಿನ ಸಾಲಿಗೆ ಇಳಿಯುವಂತೆ ಹೇಳಬೇಕು. ಒಂದೇ ಪುಟ ಎಲ್ಲ ಪರದೆಗೂ ಹೊಂದಿಕೊಳ್ಳುವ ಈ ವಿಧಾನಕ್ಕೆ ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್’ ಎಂದು ಹೆಸರಿಟ್ಟರು. ತಂತ್ರಾಂಶದಲ್ಲಿ ಅದಕ್ಕೊಂದು ಫೋನ್ ಗುರುತಿನ ಗುಂಡಿ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒತ್ತಿ ನೋಡುವವರೇ ಹೆಚ್ಚು. ಮೊದಲು ಫೋನಿಗೆ ಕಟ್ಟಿ ಆಮೇಲೆ ಲ್ಯಾಪ್‌ಟಾಪ್‌ಗೆ ಹಿಗ್ಗಿಸುವುದು ಒಳ್ಳೆಯದು, ಏಕೆಂದರೆ ಸಸಿ ಕೇಳಿಕೊಂಡು ಬರುವವರ ಕೈಯಲ್ಲಿ ಇರುವುದು ಫೋನೇ.

ಇನ್ನು ಕನ್ನಡದ ವಿಷಯ. ಇಂಗ್ಲಿಷ್‌ನಲ್ಲಿ ಪಾಠ ಹೇಳುವ ಯಾವ ವಿಡಿಯೊದಲ್ಲೂ ಇದು ಬರುವುದಿಲ್ಲ, ನಮ್ಮವರ ಪುಟಗಳು ಹೆಚ್ಚು ಕೆಡುವುದು ಮಾತ್ರ ಇಲ್ಲೇ.

ಊರಿನ ಡಿಟಿಪಿ ಅಂಗಡಿಯಲ್ಲಿ ಹಿಂದೆ ಟೈಪ್ ಮಾಡಿಸಿದ ಕರಪತ್ರ ಇದೆ, ಅದನ್ನೇ ಕಾಪಿ ಮಾಡಿ ಅಂಟಿಸೋಣ ಎಂದು ಹೊರಟರೆ ಪುಟದಲ್ಲಿ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ ಹೊತ್ತ ಯುರೋಪಿನ ಅಕ್ಷರ, ನಡುನಡುವೆ ಚಿಹ್ನೆಗಳ ರಾಶಿ ಬರುತ್ತದೆ. ತಂತ್ರಾಂಶ ಕೆಟ್ಟಿದೆ ಎಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಕೆಟ್ಟಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ಗುರುತು ಇಂಗ್ಲಿಷ್‌ನದು, ವೇಷ ಮಾತ್ರ ಕನ್ನಡದ್ದು. ಆ ಫಾಂಟ್ ಇದ್ದ ಕಂಪ್ಯೂಟರ್‌ನಲ್ಲಿ ‘ಸಂಪಿಗೆ’ ಕಾಣುತ್ತದೆ, ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಹಳೆಯ ಕನ್ನಡ ಜಾಲತಾಣಗಳು ‘ಓದಲು ಫಾಂಟ್ ಇಳಿಸಿಕೊಳ್ಳಿ’ ಎಂದು ಹೇಳುತ್ತಿದ್ದುದು ಇದಕ್ಕೇ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ನಮ್ಮ ಮನೆಯ ಕಂಪ್ಯೂಟರ್‌ಗಳಿಗೆ ಅದು ತಲುಪಿದ್ದು ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟ್ ಜೊತೆ ಬಂದ ಮೇಲೆ. ಈಗ ನುಡಿ ಮತ್ತು ಬರಹದಲ್ಲೂ ಯೂನಿಕೋಡ್ ಇದೆ, ಫೋನಿನಲ್ಲಿ ಟೈಪ್ ಮಾಡುವುದೆಲ್ಲ ಯೂನಿಕೋಡೇ.

ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ತಪ್ಪಿದರೆ ‘ಕಾರ್ಯ’ ಹೋಗಿ ‘ಕಾಯರ್’ ಆಗುತ್ತದೆ. ಎಷ್ಟೋ ಪ್ರಕಟಣೆಗಳಲ್ಲಿ ಈ ‘ಕಾಯರ್’ ನೀವೂ ನೋಡಿರುತ್ತೀರಿ.

ಈ ತಲೆನೋವೇ ಬೇಡ ಎಂದು ಕೆಲವರು ಕರಪತ್ರದ ಫೋಟೊವನ್ನೇ ಪುಟಕ್ಕೆ ಹಾಕುತ್ತಾರೆ. ಕಾಣುವುದೇನೋ ಚೆನ್ನಾಗಿ ಕಾಣುತ್ತದೆ. ಆದರೆ ‘ಸಂಪಿಗೆ’ ಎಂಬ ಪದ ಯೂನಿಕೋಡ್‌ನಲ್ಲಿ ಆರು ಸಂಕೇತ, ಒಂದಕ್ಕೆ ಮೂರು ಬೈಟ್‌ನಂತೆ ಒಟ್ಟು 18 ಬೈಟ್. ಫೋನಿನಲ್ಲಿ ತೆಗೆದ ಫೋಟೊ ಹಲವು ಲಕ್ಷ ಬೈಟ್. ನೆಟ್‌ವರ್ಕ್ ಒಂದು ಕಡ್ಡಿ ತೋರಿಸುವ ತೋಟದಲ್ಲಿ ಇದು ದೊಡ್ಡ ವ್ಯತ್ಯಾಸ. ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶವೂ ಅಲ್ಲಿ ಸುಮ್ಮನಾಗುತ್ತದೆ. ಫೋಟೊ ಹಾಕಲೇಬೇಕಿದ್ದರೆ ‘ಆಲ್ಟ್ ಟೆಕ್ಸ್ಟ್’ ಎಂಬ ಖಾನೆಯಲ್ಲಿ ಅದು ಏನೆಂದು ಒಂದು ಸಾಲು ಬರೆಯಿರಿ, ಸೆಟ್ಟಿಂಗ್ಸ್‌ನಲ್ಲಿ ಪುಟದ ಭಾಷೆ ಕನ್ನಡ ಎಂದು ಆರಿಸಿ. ಅದನ್ನು ಇಂಗ್ಲಿಷ್ ಎಂದೇ ಬಿಟ್ಟರೆ ಓದುವ ಯಂತ್ರ ಕನ್ನಡಕ್ಕೆ ಇಂಗ್ಲಿಷ್ ಬಾಯಿ ಹಾಕುತ್ತದೆ.

ರೆಡಿಮೇಡ್ ಟೆಂಪ್ಲೇಟ್‌ಗಳದ್ದು ಇನ್ನೊಂದು ಕಥೆ. ಅವನ್ನು ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಅಲ್ಲಿನ ಚೆಂದದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಬ್ರೌಸರ್ ಸದ್ದಿಲ್ಲದೆ ಬೇರೆ ಫಾಂಟ್ ತಂದು ತುಂಬುತ್ತದೆ. ಸಾಲುಗಳ ನಡುವಿನ ಅಂತರವೂ ಬಿಗಿ. ‘ಉತ್ಕೃಷ್ಟ’ದಂಥ ಪದದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳ ಮೇಲೆ ಕಾಲಿಡುತ್ತವೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡದಂಥ ಉಚಿತ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿವೆ, ಅವುಗಳಲ್ಲಿ ಒಂದನ್ನು ಆರಿಸಿ ಸಾಲಿನ ಅಂತರವನ್ನು 1.6ರ ಆಸುಪಾಸಿಗೆ ತನ್ನಿ. ಇಂಗ್ಲಿಷ್ ತಲೆಬರಹಗಳಿಗೆ ಹಾಕುವ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡಿ, ನಮ್ಮ ಲಿಪಿಗೆ ಅದು ಒಪ್ಪುವುದಿಲ್ಲ.

ತಲೆಬರಹ ಎಂದರೆ ದಪ್ಪ ಅಕ್ಷರ ಎನ್ನುವುದೂ ತಪ್ಪು ತಿಳಿವಳಿಕೆಯೇ. ಕಣ್ಣಿಗೆ ಎರಡೂ ಒಂದೇ, ಸರ್ಚ್ ಎಂಜಿನ್‌ಗೆ ಅಲ್ಲ. ತಂತ್ರಾಂಶದಲ್ಲಿ ‘ಹೆಡಿಂಗ್ 1’ ಎಂದು ಆರಿಸಿದರೆ ಮಾತ್ರ ಅದು ಪುಟದ ಮುಖ್ಯ ವಿಷಯ ಎಂದು ಯಂತ್ರಕ್ಕೆ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಇದು ಸಣ್ಣ ಮಾತಲ್ಲ. ಸಂಪಿಗೆ ಎಂದರೆ ಹೂವೂ ಹೌದು. ‘ಸಂಪಿಗೆ ರೋಡ್’ ಎಂದು ಹುಡುಕಿದರೆ ಎದುರಾಗುವುದು ಬೆಂಗಳೂರಿನ ಮಲ್ಲೇಶ್ವರದ ರಸ್ತೆ. ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವೊಂದು ನಮ್ಮ ಕಡೆಯೂ ಇದೆ ಎನ್ನುವುದು ಎಷ್ಟು ಜನಕ್ಕೆ ಗೊತ್ತು! ಹಾಗಾಗಿ ಪುಟದ ಶೀರ್ಷಿಕೆಯಲ್ಲಿ ‘ಮುಖಪುಟ’ ಎಂದೋ ‘ಸ್ವಾಗತ’ ಎಂದೋ ಬರೆಯುವ ಬದಲು ‘ತೆಂಗಿನ ಸಸಿ, ಉಂಡೆ ಕೊಬ್ಬರಿ – ಸಂಪಿಗೆ, ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ’ ಎಂದು ಬರೆದರೆ ಹುಡುಕುವವರಿಗೆ ಸಿಗುವ ಸಾಧ್ಯತೆ ಹೆಚ್ಚು. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡದಲ್ಲಿಟ್ಟರೆ ವಾಟ್ಸ್‌ಆ್ಯಪ್‌ಗೆ ಅಂಟಿಸುವಾಗ ‘ಸಂಪಿಗೆ’ ಎಂಬ ಒಂದು ಪದವೇ ಶೇಕಡಾ ಚಿಹ್ನೆಗಳಿಂದ ತುಂಬಿದ 54 ಅಕ್ಷರಗಳ ಸರವಾಗಬಹುದು.

ಹಾಗಾದರೆ ಎಷ್ಟು ಕಲಿಯಬೇಕು? ಪೆಟ್ಟಿಗೆ, ಪೆಟ್ಟಿಗೆಯ ಒಳಗಿನ ಮತ್ತು ಹೊರಗಿನ ಅಂತರ, ತಲೆಬರಹದ ಮಟ್ಟಗಳು, ಲಿಂಕ್, ಚಿತ್ರದ ಅಳತೆ. ಇಷ್ಟು ಗೊತ್ತಿದ್ದರೆ ಯಾವ ತಂತ್ರಾಂಶಕ್ಕೆ ಹೋದರೂ ದಾರಿ ತಪ್ಪುವುದಿಲ್ಲ, ಏಕೆಂದರೆ ಗುಂಡಿಗಳ ಜಾಗ ಬದಲಾದರೂ ಒಳಗಿನ ಸಾಮಾನು ಅದೇ. ನಮ್ಮ ಸಲಹೆ ಇಷ್ಟೇ: ಒಂದು ಪುಟ ಕಟ್ಟಿ, ಬ್ರೌಸರ್‌ನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಆರಿಸಿ. ನೀವು ಎಳೆದಿಟ್ಟದ್ದು ಯಾವ ಸಾಲಾಗಿ ಬರೆಯಲ್ಪಟ್ಟಿದೆ ಎಂದು ಕಾಣುತ್ತದೆ. ಒಂದು ಅಂಕಿ ಬದಲಿಸಿ ನೋಡಿ, ಏನೂ ಕೆಡುವುದಿಲ್ಲ, ಪುಟವನ್ನು ಮತ್ತೆ ತೆರೆದರೆ ಮೊದಲಿನಂತೆ ಆಗುತ್ತದೆ. ಹಣ ಕಟ್ಟಿಸಿಕೊಳ್ಳುವ ಎಷ್ಟೋ ಕೋರ್ಸುಗಳ ಮೊದಲ ವಾರಕ್ಕಿಂತ ಒಂದು ಸಂಜೆಯ ಈ ಆಟ ಹೆಚ್ಚು ಕಲಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆನ್‌ಲೈನಲ್ಲಿ ಹಣ ಪಡೆಯುವುದು, ಗಿರಾಕಿಗಳ ಲೆಕ್ಕ ಇಡುವುದು ಇಂಥವು ಬಂದಾಗ ಕೋಡ್ ಬಲ್ಲವರ ನೆರವು ಬೇಕಾಗಬಹುದು. ಸಸಿ ಮಾರುವ ಪುಟಕ್ಕೆ ಬೇಡ.

ಕೊಬ್ಬರಿಯ ದರವನ್ನು ಮಾತ್ರ ಪುಟದಲ್ಲಿ ಬರೆಯಬೇಡಿ. ತಿಪಟೂರು ಎಪಿಎಂಸಿಯ ಹರಾಜಿನಲ್ಲಿ ಅದು ಬದಲಾಗುತ್ತಲೇ ಇರುತ್ತದೆ, ಮೂರು ತಿಂಗಳ ಹಿಂದಿನ ದರ ನೋಡಿ ಬಂದವರ ಜೊತೆ ವಾದ ತಪ್ಪದು. ‘ಇಂದಿನ ದರಕ್ಕೆ ಕರೆ ಮಾಡಿ’ ಎಂಬ ಗುಂಡಿ ಸಾಕು.

ಕಟ್ಟುವ ಮೊದಲು ತಂತ್ರಾಂಶದವರನ್ನು ಒಂದು ಪ್ರಶ್ನೆ ಕೇಳಿ: ನಾಳೆ ಬಿಟ್ಟು ಹೋಗಬೇಕೆಂದರೆ ಪುಟವನ್ನು ಕೊಂಡೊಯ್ಯಬಹುದೇ? ವರ್ಡ್‌ಪ್ರೆಸ್‌ನಲ್ಲಿ ಬರಹಗಳನ್ನು ಇಳಿಸಿಕೊಳ್ಳಬಹುದು, ಕೆಲವು ಕಡೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಇನ್ನು ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು. ಅದನ್ನು ಮಾಡಿಕೊಡುವವರ ಹೆಸರಿನಲ್ಲಿ ನೋಂದಾಯಿಸಲು ಬಿಡಬೇಡಿ. ಅದು ತೋಟದ ಪಹಣಿ ಇದ್ದ ಹಾಗೆ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಪಾಸ್‌ವರ್ಡ್ ಇರಬೇಕು, ಪ್ರತಿವರ್ಷ ನವೀಕರಣದ ನೆನಪಿನ ಮೇಲ್ ನಿಮಗೇ ಬರಬೇಕು.