ಆರನೆಯ ತಾಸು: ಕ್ರೈಸ್ತರ ಮಧ್ಯಾಹ್ನಪ್ರಾರ್ಥನೆಯ ಕಾಲವಿಚಾರ

ಕನ್ನಡ ಗದ್ಯದ ಇತಿಹಾಸದಲ್ಲಿ ಬಳ್ಳಾರಿ ಪಟ್ಟಣಕ್ಕೆ ಒಂದು ಸ್ಥಾನವುಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸರು ಕ್ರಿ. ಶ. ೧೮೧೦ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಿಸತೊಡಗಿದರು. ೧೮೩೧ರ ವೇಳೆಗೆ ಸಮಗ್ರ ಗ್ರಂಥವು ಆ ಊರಿನಲ್ಲಿಯೇ ಅಚ್ಚಾಯಿತು. ಅವರ ಸಹೋದ್ಯೋಗಿಗಳಾದ ವಿಲಿಯಂ ರೀವರ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರದು. ಇಂತಹ ಗದ್ಯವನ್ನು ಪಾಠ ಹೇಳುವಾಗ ಕಾಲವಾಚಕ ಪದಗಳಲ್ಲಿ ಎಡವುವುದು ಸುಲಭ. ಅಂತಹ ಒಂದು ಪದವನ್ನು ಇಲ್ಲಿ ಪರಾಮರ್ಶಿಸಲಾಗುವುದು.

ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ, ಯೊಪ್ಪ ಎಂಬ ಊರಿನಲ್ಲಿದ್ದ ಪೇತ್ರನು ಪ್ರಾರ್ಥನೆಗಾಗಿ ಮಾಳಿಗೆಯನ್ನು ಹತ್ತಿದ ಪ್ರಸಂಗವಿದೆ. ಗ್ರೀಕ್ ಮೂಲದಲ್ಲಿ ಹೇಳಿರುವ ಕಾಲವು ‘ಆರನೆಯ ತಾಸು’. ಇದನ್ನು ಬೆಳಗಿನ ಆರು ಗಂಟೆಯೆಂದು ತಿಳಿಯುವವರಿದ್ದಾರೆ. ಪಾಠಶಾಲೆಯಲ್ಲಿ ಧರ್ಮಶಾಸ್ತ್ರದ ಕಾಲವಿಭಾಗಗಳನ್ನು ಬಾಯಿಪಾಠ ಮಾಡಿದ್ದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಪ್ರಾತಃಸಂಧ್ಯೆಯ ಅಭ್ಯಾಸವೇ ನನ್ನನ್ನು ದಾರಿ ತಪ್ಪಿಸಿತು. ಆದರೆ ಮುಂದಿನ ವಾಕ್ಯದಲ್ಲಿಯೇ ಪೇತ್ರನಿಗೆ ಹಸಿವಾಯಿತೆಂದೂ ಮನೆಯವರು ಅಡಿಗೆಯನ್ನು ಸಿದ್ಧಪಡಿಸುತ್ತಿದ್ದರೆಂದೂ ಇದೆ. ಆದುದರಿಂದ ಅದು ನಡುಹಗಲು.

ಹೇಗೆಂದರೆ, ಅಲ್ಲಿಯ ತಾಸುಗಳು ಸೂರ್ಯೋದಯದಿಂದ ಎಣಿಸತಕ್ಕವು. ಹಗಲು ಉದ್ದವಿರಲಿ, ಗಿಡ್ಡವಿರಲಿ, ಅದನ್ನು ಹನ್ನೆರಡು ಸಮಭಾಗ ಮಾಡಿದರೆ ಆರನೆಯ ಭಾಗದ ಕೊನೆಯಲ್ಲಿ ಹೊತ್ತು ನೆತ್ತಿಗೆ ಬರುವುದು. ಈ ಕ್ರಮವನ್ನು ಬಳ್ಳಾರಿಗೆ ಅನ್ವಯಿಸಿದರೆ ಮಾಗಿಯ ಒಂದು ತಾಸು ಸುಮಾರು ೫೬ ನಿಮಿಷ, ಬೇಸಗೆಯ ಕೊನೆಯದು ಸುಮಾರು ೬೫ ನಿಮಿಷ ಆಗುವುದು. ನಮ್ಮವರು ಹಗಲನ್ನು ಹದಿನೈದು ಮುಹೂರ್ತಗಳಾಗಿ ವಿಂಗಡಿಸಿ, ಎಂಟನೆಯದನ್ನು ಕುತಪವೆಂದು ಕರೆದರು. ಕುತಪದ ಸರಿನಡುವೂ ಆರನೆಯ ತಾಸಿನ ಕೊನೆಯೂ ಒಂದೇ ಕ್ಷಣ. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮತಿಯಲ್ಲಿ ಹನ್ನೊಂದನೆಯ ತಾಸಿನಲ್ಲಿ ಕರೆಯಲ್ಪಟ್ಟ ಆಳುಗಳು ಸಂಜೆಗೆ ಒಂದೇ ತಾಸು ಇರುವಾಗ ಕೆಲಸಕ್ಕೆ ಇಳಿದವರೆಂಬುದೂ ಇದರಿಂದಲೇ ತಿಳಿಯುವುದು. ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಮಾಡುವವರಿಗೆ ಈ ಕಥೆಯ ನ್ಯಾಯಾನ್ಯಾಯಗಳಿಗೆ ವ್ಯಾಖ್ಯಾನವೇ ಬೇಡ.

ಪದಗಳ ಕಡೆಗೆ ನೋಡೋಣ. ಘಟಿಕೆಯೆಂದರೆ ಚಿಕ್ಕ ಗಡಿಗೆ. ಪಾರಸಿಯಿಂದ ಬಂದ ‘ತಾಸು’ ಎಂಬುದಕ್ಕೂ ಮೂಲದಲ್ಲಿ ಬಟ್ಟಲೆಂದೇ ಅರ್ಥ. ನೀರಿನ ಮೇಲೆ ತೇಲಿ ಮುಳುಗುವ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದ ಪದ್ಧತಿಯನ್ನು ಇವು ನೆನಪಿಸುತ್ತವೆ. ‘ಗಂಟೆ’ಯಾದರೋ ಬಾರಿಸುವ ಲೋಹದಿಂದ ಬಂದುದು, ಇಂದಿನ ಎಣಿಕೆಯಲ್ಲಿ ಅದು ನಡುರಾತ್ರಿಯಿಂದ ಆರಂಭವಾಗುವುದು. ಆದುದರಿಂದ ‘ಆರನೆಯ ಗಂಟೆ’ ಎಂದರೆ ಓದುಗನು ತಪ್ಪುವುದು ಸಹಜ. ‘ಆರನೆಯ ತಾಸು’ ಎಂದು ಬರೆದು ಟಿಪ್ಪಣಿ ಕೊಡುವುದು ಒಂದು ದಾರಿ, ‘ಮಧ್ಯಾಹ್ನ’ವೆಂದೇ ಬರೆದುಬಿಡುವುದು ಇನ್ನೊಂದು. ಎರಡನೆಯದು ಸುಗಮ, ಆದರೆ ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳೆಂಬ ಸರಣಿಯು ಅದರಲ್ಲಿ ಮರೆಯಾಗುವುದು. ಕ್ರೈಸ್ತಪ್ರಾರ್ಥನೆಯ ಇತಿಹಾಸವೆಲ್ಲ ಆ ಸರಣಿಯ ಮೇಲೆ ನಿಂತಿರುವುದರಿಂದ ನಾನು ಮೊದಲನೆಯದರ ಪಕ್ಷ.

ಆ ಇತಿಹಾಸವು ಸಂಕ್ಷೇಪವಾಗಿ ಹೀಗಿದೆ. ಯೆಹೂದ್ಯರ ಐವತ್ತೈದನೆಯ ಕೀರ್ತನೆಯು ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎಂಬ ಕ್ರಮದಲ್ಲಿ ಮೂರು ಹೊತ್ತುಗಳನ್ನು ಹೇಳುತ್ತದೆ. ಅವರ ದಿನವು ಸಂಜೆಯಿಂದ ಮೊದಲಾಗುವುದೇ ಇದಕ್ಕೆ ಕಾರಣವಿರಬೇಕು. ಮೂರನೆಯ ಶತಮಾನದ ಆದಿಯಲ್ಲಿದ್ದ ತೆರ್ತುಲ್ಲಿಯನನು ಹಗಲಿನ ಮೂರು ತಾಸುಗಳ ಪ್ರಾರ್ಥನೆಯನ್ನು ಸಮರ್ಥಿಸಿದನು. ಆರನೆಯ ಶತಮಾನದಲ್ಲಿ ಬೆನೆದಿಕ್ತನ ಮಠನಿಯಮವು ಆರನೆಯ ತಾಸಿಗೆ ಪ್ರತ್ಯೇಕ ವಿಧಿಯನ್ನಿಟ್ಟಿತು. ೧೪೫೬ರಲ್ಲಿ ತುರ್ಕರು ಬೆಲ್‌ಗ್ರೇಡನ್ನು ಮುತ್ತಿದ ಸಂದರ್ಭದಲ್ಲಿ ಮೂರನೆಯ ಕಲಿಕ್ಸ್ತಸ್ ಪೋಪನು ನಡುಹಗಲಲ್ಲಿ ಗಂಟೆ ಬಾರಿಸಿ ಪ್ರಾರ್ಥಿಸುವಂತೆ ಆಜ್ಞಾಪಿಸಿದನು. ಯುದ್ಧದ ಗಂಟೆಯು ಯುದ್ಧ ಮುಗಿದಮೇಲೂ ಉಳಿಯಿತು.

ಇದನ್ನೆಲ್ಲ ಓದಿದ ಕೆಲವರು ತ್ರಿಕಾಲಸಂಧ್ಯೆಯೇ ಪಶ್ಚಿಮಕ್ಕೆ ಹೋಯಿತೆಂದು ಹೇಳತೊಡಗುತ್ತಾರೆ. ಪ್ರಮಾಣವಿಲ್ಲದ ಮಾತು ಅದು. ಸೂರ್ಯನು ಎಲ್ಲರಿಗೂ ಒಬ್ಬನೇ ಆದುದರಿಂದ ಮೂರು ಹೊತ್ತುಗಳೂ ಎಲ್ಲರಿಗೂ ತೋರುತ್ತವೆ. ಸಾಮ್ಯವಿರುವುದು ಬೇರೆಡೆ: ಮಾಧ್ಯಾಹ್ನಿಕವೂ ಪೇತ್ರನ ಪ್ರಾರ್ಥನೆಯೂ ಊಟಕ್ಕೆ ಮುಂಚಿನವು, ಹಸಿದ ಹೊತ್ತಿನವು. ಭೇದವೂ ಅಷ್ಟೇ ಸ್ಪಷ್ಟ. ನಮಗೆ ನೀರು ಬೇಕು, ಅರ್ಘ್ಯ ಬೇಕು, ಉಪನಯನದ ಅಧಿಕಾರ ಬೇಕು. ಆ ಪ್ರಾರ್ಥನೆಗೆ ಇವೊಂದೂ ಬೇಡ. ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಕೂಲಿಯವಳೂ ಕಣ್ಣುಮುಚ್ಚಿ ಅದನ್ನು ಮಾಡಬಹುದು. ಈ ಮಾತನ್ನು ಬರೆಯುವಾಗ ನನಗೆ ಸಂಕೋಚವಾಗದೆ ಇಲ್ಲ, ಆದರೆ ಅದು ನಿಜ.

ಮಾಳಿಗೆಯೆಂಬ ಪದವು ಹಂಚಿನ ಮನೆಗಳ ಕರಾವಳಿಯವರಿಗೆ ಹಾಗೆ ಹೊಳೆಯಲಾರದು. ಮಣ್ಣಿನ ಸಮತಟ್ಟು ಮಾಳಿಗೆಗಳನ್ನು ಬಲ್ಲ ಬಳ್ಳಾರಿಯ ಸೀಮೆಯವರಿಗೆ ಅದು ಕಣ್ಣಿಗೆ ಕಟ್ಟುವುದು. ಬೇಸಗೆಯ ನಡುಹಗಲಲ್ಲಿ ಅಲ್ಲಿ ಮಾಳಿಗೆ ಹತ್ತುವುದೇ ಒಂದು ತಪಸ್ಸೆಂಬುದು ಬೇರೆ ಮಾತು!

ಈ ಹೊತ್ತಿನ ಆಚರಣೆಯು ಎರಡು ಕಡೆಗಳಲ್ಲಿಯೂ ಸಡಿಲಿದೆ. ವ್ಯಾಟಿಕನ್ ಮಹಾಸಭೆಯ ೧೯೬೩ರ ಆರಾಧನಾವಿಧಿಯು, ಕೂಡಿ ಹಾಡುವ ನಿಯಮವಿಲ್ಲದವರು ಮೂರನೆಯ, ಆರನೆಯ, ಒಂಬತ್ತನೆಯ ತಾಸುಗಳ ಪ್ರಾರ್ಥನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದೆಂದು ಅನುಮತಿಸಿತು. ನಮ್ಮಲ್ಲಿ ಯಾರ ಅನುಮತಿಯೂ ಇಲ್ಲದೆ, ಶಾಲೆ ಕಚೇರಿಗಳಿಗೆ ಹೋಗುವವರು ಮಾಧ್ಯಾಹ್ನಿಕವನ್ನು ಬೆಳಗಿನೊಡನೆ ಸೇರಿಸಿ ಮುಗಿಸುತ್ತಾರೆ. ಅಧ್ಯಾಪನದ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದವನು.

ಕೊನೆಯದಾಗಿ, ಟಿಪ್ಪಣಿ ಬರೆಯುವವರಿಗೆ ಒಂದು ಸೂಚನೆ. ಗಡಿಯಾರದ ಹನ್ನೆರಡು ಬಳ್ಳಾರಿಯ ಮಧ್ಯಾಹ್ನವಲ್ಲ. ಭಾರತದ ಕಾಲವು ೮೨½ ಅಂಶದ ರೇಖಾಂಶದ್ದು. ಬಳ್ಳಾರಿಯು ೭೭ ಅಂಶಕ್ಕೆ ತುಸು ಪಶ್ಚಿಮದಲ್ಲಿದೆ. ಆದುದರಿಂದ ಅಲ್ಲಿ ಸೂರ್ಯನು ಸರಾಸರಿ ೧೨ ಗಂಟೆ ೨೨ ನಿಮಿಷಕ್ಕೆ ನೆತ್ತಿಗೆ ಬರುವನು. ಫೆಬ್ರವರಿಯ ನಡುವೆ ಸುಮಾರು ೧೨-೩೬ಕ್ಕೆ, ನವೆಂಬರಿನ ಮೊದಲಲ್ಲಿ ಸುಮಾರು ೧೨-೦೬ಕ್ಕೆ. ಸಿರುಗುಪ್ಪ, ಕುರುಗೋಡುಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೇ ತಿಂಗಳ ಆರಂಭದಲ್ಲಿಯೂ ಆಗಸ್ಟಿನ ಎರಡನೆಯ ವಾರದಲ್ಲಿಯೂ ಕುರುಗೋಡಿನ ಕಲ್ಲುಗುಡ್ಡಗಳ ನಡುವೆ ನೆಟ್ಟಗೆ ನಿಂತ ಕೋಲಿಗೆ ಈ ಕ್ಷಣದಲ್ಲಿ ನೆರಳಿರುವುದಿಲ್ಲ. ಆರನೆಯ ತಾಸನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದವರು ಆ ದಿನಗಳಲ್ಲಿ ತರಗತಿಯನ್ನು ಹೊರಗೆ ಕರೆದೊಯ್ಯಬಹುದು.