ನೆರಳೂ ಒಂದು ಅಮಾನತ್



ಕಳೆದ ಶುಕ್ರವಾರ ಹಿರಿಯರೊಬ್ಬರು ಕೇಳಿದರು: “ಹಜ್ರತ್, ಅಂಗಳದ ಹೊಂಗೆ ಮರ ತೆಗೆದರೆ ಇನ್ನೂ ಹತ್ತು ಬೈಕ್ ನಿಲ್ಲಿಸಬಹುದಲ್ಲ?” ಈ ವಾರದ ಖುತ್ಬಾ ಅದಕ್ಕೆ ಉತ್ತರವಾಗಿತ್ತು. ಅದರ ಸಾರಾಂಶ ಇಲ್ಲಿದೆ.

ಮರ ಬಿಸಿಲನ್ನು ತಡೆಯುವುದಷ್ಟೇ ಅಲ್ಲ. ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಬಿಡುವಾಗ ಸುತ್ತಲಿನ ಗಾಳಿಯೂ ತಂಪಾಗುತ್ತದೆ. ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಹೊರಬಿಡುತ್ತವೆ. ಮರವಿಲ್ಲದ ಗಲ್ಲಿಗಳ ಶೀಟಿನ ಮನೆಗಳಲ್ಲಿ ಬೇಸಿಗೆಯ ರಾತ್ರಿ ಮಕ್ಕಳಿಗೆ, ವೃದ್ಧರಿಗೆ ನಿದ್ದೆ ಹತ್ತದಿರಲು ಇದೂ ಒಂದು ಕಾರಣ.

ಹಸಿರು ಮನಸ್ಸಿಗೂ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರವಾದ ನೋವಿನ ಮದ್ದೂ ಅವರಿಗೆ ಕಡಿಮೆ ಬೇಕಾಗಿತ್ತು. ಇಂಗ್ಲೆಂಡಿನ ಸುಮಾರು 20,000 ಜನರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರಲ್ಲಿ ಒಳ್ಳೆಯ ಆರೋಗ್ಯ, ನೆಮ್ಮದಿ ಇದೆಯೆಂದವರು ಹೆಚ್ಚಿದ್ದರು.

ನಮ್ಮ ದೀನ್ ಇದನ್ನು ಮೊದಲೇ ಕಲಿಸಿದೆ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾವುದು ತಿಂದರೂ ಅದು ಅವನಿಗೆ ಸದಕಾ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಜನರು ತಂಗುವ ನೆರಳನ್ನು ಹೊಲಸು ಮಾಡುವುದನ್ನು ಕಟುವಾಗಿ ತಡೆದಿದ್ದಾರೆ. ಹೊಲಸು ಮಾಡುವುದೇ ತಪ್ಪಾದರೆ, ಆ ನೆರಳನ್ನೇ ಇಲ್ಲವಾಗಿಸುವುದಕ್ಕೆ ಏನೆನ್ನಬೇಕು? ಹಿಂದಿನವರು ನೆಟ್ಟ ಮರ ಮುಂದಿನವರಿಗೆ ತಲುಪಿಸಬೇಕಾದ ಅಮಾನತ್. ಹೈದರ್ ಅಲಿ 1760ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಇಂದು ಎಲ್ಲ ಧರ್ಮದವರೂ ನಡೆದಾಡುತ್ತಾರೆ.

ಇನ್ನೊಂದು ಮಾತು. ಗಂಡಸರಿಗೆ ಮಸೀದಿಯಿದೆ, ಚಹಾದಂಗಡಿಯಿದೆ. ಅಡುಗೆಮನೆಯಲ್ಲೇ ದಿನ ಕಳೆಯುವ ನಮ್ಮ ಅಮ್ಮಿ, ಬೀವಿ, ಹೆಣ್ಣುಮಕ್ಕಳಿಗೆ ಏನಿದೆ? ವಾರಕ್ಕೊಮ್ಮೆಯಾದರೂ ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿ. ಇದು ಮೋಜಲ್ಲ, ಅವರ ಹಕ್ಕು.

ಹೊಂಗೆ ಮರ ಉಳಿಯಲಿ. ವುಝೂ ಮಾಡಿದ ನೀರು ಅದರ ಬುಡಕ್ಕೆ ಹರಿಯಲಿ. ಬೈಕಿನ ಮಾತಿಗೆ ಬಂದರೆ, ಮಸೀದಿಯ ಕಡೆ ಇಡುವ ಒಂದೊಂದು ಹೆಜ್ಜೆಗೂ ಪುಣ್ಯವಿದೆ; ಹತ್ತಿರದ ಮನೆಯವರು ನಡೆದೇ ಬನ್ನಿ. ಆಗ ಜಾಗವೂ ಸಾಕಾಗುತ್ತದೆ, ನೆರಳೂ ಉಳಿಯುತ್ತದೆ.

ಅಲ್ಲಾಹನು ನಮ್ಮನ್ನು ನೆರಳು ಕೊಡುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.