ತಲೆಕೆಳಗಾದ ಲೋಕದ ಬಾವಲಿಗಳು

ಬಾವಲಿ ಹಕ್ಕಿಯೋ, ಮೃಗವೋ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಮಕ್ಕಳು ಎರಡು ಪಕ್ಷವಾಗುತ್ತಾರೆ. ಹಾರುವುದರಿಂದ ಹಕ್ಕಿಯೆಂದು ಕೆಲವರು, ಮರಿ ಹಾಕುವುದರಿಂದ ಮೃಗವೆಂದು ಕೆಲವರು. ಎರಡನೆಯ ಪಕ್ಷದವರೇ ಸರಿ. ಬಾವಲಿಗೆ ಗರಿಯಿಲ್ಲ, ತುಪ್ಪಳವಿದೆ, ಕೊಕ್ಕಿಲ್ಲ, ಹಲ್ಲುಗಳಿವೆ, ಮೊಟ್ಟೆಯಿಡುವುದಿಲ್ಲ, ಮರಿಗೆ ಹಾಲೂಡಿಸುತ್ತದೆ. ನಮ್ಮಂತೆಯೇ ಅದೂ ಒಂದು ಸ್ತನಿ. ಹಾರುವ ಅಳಿಲು ಮೊದಲಾದವು ಮರದಿಂದ ಮರಕ್ಕೆ ಗಾಳಿಯಲ್ಲಿ ಜಾರಬಲ್ಲವೇ ಹೊರತು ರೆಕ್ಕೆ ಬಡಿದು ಹಾರಲಾರವು. ಸ್ತನಿಗಳಲ್ಲಿ ನಿಜವಾಗಿ ಹಾರಬಲ್ಲ ಜೀವಿ ಬಾವಲಿಯೊಂದೇ.

ವಿಜ್ಞಾನಿಗಳು ಈ ಗಣಕ್ಕೆ ಇಟ್ಟಿರುವ ಹೆಸರು ‘ಕೈರಾಪ್ಟೆರಾ’. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ‘ಕೈಯೇ ರೆಕ್ಕೆ’ ಎಂದು. ಹೆಸರು ಅನ್ವರ್ಥವಾಗಿದೆ. ಬಾವಲಿಯ ಮುಂಗೈಯ ನಾಲ್ಕು ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ ಬೆಳೆದಿದ್ದು, ಅವುಗಳ ನಡುವೆ ತೆಳುವಾದ ತೊಗಲು ಹರಡಿದೆ. ಹೆಬ್ಬೆರಳು ಮಾತ್ರ ಸಣ್ಣದಾಗಿ, ಉಗುರಿನ ಕೊಕ್ಕೆಯಾಗಿ ಹೊರಚಾಚಿಕೊಂಡಿದೆ. ‘ತೊಗಲುಬಾವಲಿ’ ಎಂಬ ನಮ್ಮ ಹೆಸರೂ ಈ ರೆಕ್ಕೆಯನ್ನು ಕಂಡೇ ಹುಟ್ಟಿದ್ದು.

ತಲೆಕೆಳಗಾಗಿ ನೇತಾಡಲು ಅದಕ್ಕೆ ಆಯಾಸವಾಗುವುದಿಲ್ಲವೆ? ಇಲ್ಲ. ದೇಹದ ಭಾರ ಜಗ್ಗಿದೊಡನೆ ಕಾಲಿನ ಸ್ನಾಯುರಜ್ಜುಗಳು ಬಿಗಿದು ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳುತ್ತವೆ. ನೇತಾಡಲು ಶಕ್ತಿ ಬೇಕಿಲ್ಲ, ಹಿಡಿತ ಬಿಡಲು ಬೇಕು. ನಿದ್ದೆಯಲ್ಲೂ ಅದು ಕೆಳಗೆ ಬೀಳುವುದಿಲ್ಲ.

ಐದರಲ್ಲಿ ಒಂದು

ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಪ್ರಭೇದದ ಬಾವಲಿಗಳನ್ನು ಗುರುತಿಸಲಾಗಿದೆ. ಅಂದರೆ ಐದು ಸ್ತನಿ ಪ್ರಭೇದಗಳಲ್ಲಿ ಒಂದು ಬಾವಲಿ! ಭಾರತದಲ್ಲೇ ಸುಮಾರು 130 ಪ್ರಭೇದಗಳಿವೆ. ಧ್ರುವ ಪ್ರದೇಶಗಳನ್ನು ಬಿಟ್ಟರೆ ಬಾವಲಿಯಿಲ್ಲದ ನೆಲವೇ ಅಪರೂಪ.

ಗಾತ್ರದಲ್ಲಿ ಇವುಗಳ ಅಂತರ ಬೆರಗು ಹುಟ್ಟಿಸುವಂಥದು. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿರುವ ಕಿಟ್ಟಿಯ ಹಂದಿಮೂಗಿನ ಬಾವಲಿಯ ತೂಕ ಕೇವಲ 2 ಗ್ರಾಂ. ಉದ್ದ 3 ಸೆಂಟಿಮೀಟರ್‌ನಷ್ಟು. ಇನ್ನೊಂದು ತುದಿಯಲ್ಲಿ, ನಮ್ಮ ಊರಿನ ಆಲ, ಅರಳಿ, ಹುಣಿಸೆ ಮರಗಳಲ್ಲಿ ಹಗಲೆಲ್ಲ ಕಪ್ಪು ಚೀಲಗಳಂತೆ ಜೋತಾಡುವ ದೊಡ್ಡ ಬಾವಲಿ. ಇದರ ತೂಕ ಒಂದು ಕಿಲೋವನ್ನೂ ಮೀರಬಹುದು. ಬಿಚ್ಚಿದ ರೆಕ್ಕೆಗಳ ಅಗಲ ನಾಲ್ಕು ಅಡಿಗೆ ಕಡಿಮೆಯಿಲ್ಲ. ನರಿಯಂಥ ಮುಖವಿರುವುದರಿಂದ ಇಂಗ್ಲಿಷರು ಇದನ್ನು ‘ಫ್ಲೈಯಿಂಗ್ ಫಾಕ್ಸ್’ ಎಂದರು.

ವಾಸಸ್ಥಳದಲ್ಲೂ ಅಷ್ಟೇ ವೈವಿಧ್ಯ. ಚಿಕ್ಕ ಹಣ್ಣುಬಾವಲಿಯ ಗಂಡು ತಾಳೆಗರಿಗಳನ್ನು ಹಲ್ಲಿನಿಂದ ಕಡಿದು ಬಾಗಿಸಿ ಡೇರೆ ಕಟ್ಟಿ, ಅದರಲ್ಲಿ ಹೆಣ್ಣುಗಳಿಗೆ ಆಶ್ರಯ ನೀಡುತ್ತದೆ. ಕಿತ್ತಳೆ ಮತ್ತು ಕಪ್ಪು ಬಣ್ಣದ ಚಿತ್ರಬಾವಲಿ ಒಣಗಿದ ಬಾಳೆ ಎಲೆಯಲ್ಲಿ ಅಡಗಿ ಮಲಗಿದರೆ ಒಣಎಲೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಪಾಳು ಕೋಟೆ, ಹಳೆಯ ಗುಡಿ, ಮನೆಯ ಹೆಂಚಿನ ಸಂದು, ಬಾವಿಯ ಗೋಡೆ ಇವೆಲ್ಲ ಒಂದಲ್ಲ ಒಂದು ಜಾತಿಯ ಬಾವಲಿಯ ಮನೆಗಳೇ.

ಕಿವಿಯೇ ಕಣ್ಣು

ಬಾವಲಿ ಕುರುಡೆಂಬುದು ತಪ್ಪು ತಿಳಿವಳಿಕೆ. ಎಲ್ಲ ಬಾವಲಿಗಳಿಗೂ ಕಣ್ಣು ಕಾಣುತ್ತದೆ; ದೊಡ್ಡ ಹಣ್ಣುಬಾವಲಿಗಳು ದಾರಿ ಹುಡುಕುವುದೇ ಕಣ್ಣು ಮತ್ತು ಮೂಗಿನ ಬಲದಿಂದ. ಕೀಟ ತಿನ್ನುವ ಬಾವಲಿಗಳದ್ದು ಮಾತ್ರ ಬೇರೆ ವಿದ್ಯೆ.

1790ರ ದಶಕದಲ್ಲಿ ಇಟಲಿಯ ವಿಜ್ಞಾನಿ ಸ್ಪಲಾಂಜಾನಿ ಕಣ್ಣಿಲ್ಲದ ಬಾವಲಿಯೂ ಅಡೆತಡೆಗಳನ್ನು ತಪ್ಪಿಸಿ ಹಾರುವುದನ್ನು ಕಂಡ. ಕಿವಿ ಮುಚ್ಚಿದರೆ ಮಾತ್ರ ಅದು ಗೋಡೆಗೆ ಬಡಿಯುತ್ತಿತ್ತು. ಸದ್ದೇ ಮಾಡದೆ ಹಾರುವ ಪ್ರಾಣಿಗೆ ಕಿವಿಯಿಂದೇನು ಪ್ರಯೋಜನ ಎಂದು ಅಂದಿನವರು ನಕ್ಕರು. ಒಗಟು ಬಿಡಿಸಲು ಸುಮಾರು ಒಂದೂವರೆ ಶತಮಾನವೇ ಬೇಕಾಯಿತು. 1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಬಾವಲಿ ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಹೊರಡಿಸುವುದನ್ನು ಉಪಕರಣದಿಂದ ಪತ್ತೆ ಹಚ್ಚಿದರು.

ಮನುಷ್ಯನಿಗೆ ಕೇಳಿಸುವುದು ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ. ಬಾವಲಿಗಳ ಕೂಗು ಬಹುಪಾಲು ಅದಕ್ಕೂ ಮೇಲಿನದು, ಕೆಲವು ಜಾತಿಗಳಲ್ಲಿ ಒಂದು ಲಕ್ಷವನ್ನೂ ದಾಟುತ್ತದೆ. ಕೂಗು ಎದುರಿನ ವಸ್ತುವಿಗೆ ಬಡಿದು ಮರಳಿದಾಗ, ಆ ಮಾರ್ದನಿಯಿಂದ ವಸ್ತುವಿನ ದೂರ, ಗಾತ್ರ, ಚಲನೆ ಎಲ್ಲವನ್ನೂ ಬಾವಲಿ ಅರಿಯುತ್ತದೆ. ಬೇಟೆ ಹತ್ತಿರವಾದಂತೆ ಕೂಗುಗಳ ಸಂಖ್ಯೆ ಸೆಕೆಂಡಿಗೆ ನೂರನ್ನೂ ಮೀರುತ್ತದೆ. ಪತಂಗಗಳೂ ಸುಮ್ಮನಿಲ್ಲ. ಕೆಲವಕ್ಕೆ ಬಾವಲಿಯ ಕೂಗು ಕೇಳಿಸುತ್ತದೆ. ಕೇಳಿದೊಡನೆ ರೆಕ್ಕೆ ಮಡಿಚಿ ಕೆಳಗೆ ಬೀಳುತ್ತವೆ.

ಬಾವಲಿಗಳ ವಿಕಾರ ಮುಖಕ್ಕೂ ಇಲ್ಲೇ ಕಾರಣವಿದೆ. ಲಾಳಮೂಗಿನ ಮತ್ತು ಎಲೆಮೂಗಿನ ಬಾವಲಿಗಳು ಕೂಗುವುದು ಬಾಯಿಂದಲ್ಲ, ಮೂಗಿನಿಂದ. ಮೂಗಿನ ಸುತ್ತಲಿನ ತೊಗಲಿನ ಮಡಿಕೆಗಳು ಟಾರ್ಚಿನ ಬಟ್ಟಲಿನಂತೆ ಧ್ವನಿಯನ್ನು ಒಂದೇ ದಿಕ್ಕಿಗೆ ಕಳಿಸುತ್ತವೆ.

ಊಟದಲ್ಲೂ ಬಗೆಬಗೆ

ಹೆಚ್ಚಿನ ಬಾವಲಿಗಳ ಆಹಾರ ಕೀಟಗಳು. ಉಳಿದವು ಹಣ್ಣು, ಮಕರಂದ, ಕಪ್ಪೆ, ಇಲಿ, ಮೀನುಗಳನ್ನೂ ತಿನ್ನುತ್ತವೆ. ಅಮೆರಿಕ ಖಂಡದ ಮೀನುಗಾರ ಬಾವಲಿ ನೀರಿನ ಮೇಲಿನ ಅಲೆಯನ್ನು ಗುರುತಿಸಿ ಕಾಲುಗುರಿನಿಂದ ಮೀನು ಎತ್ತುತ್ತದೆ. ಇಕ್ವೆಡಾರ್‌ನ ಒಂದು ಮಕರಂದ ಬಾವಲಿಯ ನಾಲಗೆ ಅದರ ದೇಹಕ್ಕಿಂತ ಒಂದೂವರೆ ಪಟ್ಟು ಉದ್ದ!

ಇನ್ನು ರಕ್ತ ಹೀರುವ ಬಾವಲಿ. ಸಿನಿಮಾಗಳಿಂದಾಗಿ ಎಲ್ಲ ಬಾವಲಿಗಳಿಗೂ ಅಂಟಿದ ಈ ಅಪವಾದಕ್ಕೆ ಪಾತ್ರವಾದವು ಮೂರೇ ಪ್ರಭೇದಗಳು. ಅವು ಇರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ. ಭಾರತದಲ್ಲಿ ಒಂದೂ ಇಲ್ಲ. ಆ ರಕ್ತಪಿಪಾಸುಗಳಲ್ಲೂ ಒಂದು ಸದ್ಗುಣವುಂಟು. ಹಸಿದು ಮರಳಿದ ಸಂಗಾತಿಗೆ ತಾನು ಕುಡಿದದ್ದನ್ನು ಕಕ್ಕಿ ಹಂಚುತ್ತವೆ.

ರೈತನಿಗೆ ಬಾವಲಿ ಸಂಬಳವಿಲ್ಲದ ಆಳು. ರಾತ್ರಿ ಅದು ತಿನ್ನುವ ಪತಂಗ, ದುಂಬಿಗಳಲ್ಲಿ ಬೆಳೆಗೆ ಕಂಟಕವಾದವು ಅನೇಕ. ಹಣ್ಣುಬಾವಲಿ ತೋಟದ ಸೀಬೆ, ಸಪೋಟ, ಮಾವು ತಿನ್ನುವುದು ನಿಜ. ಆದರೆ ಆಲ, ಅತ್ತಿ, ಬಸರಿಯ ಬೀಜಗಳನ್ನು ಮೈಲಿಗಟ್ಟಲೆ ದೂರ ಬಿತ್ತುವುದೂ ಅದೇ. ಬೂರುಗದಂಥ ಇರುಳಲ್ಲಿ ಅರಳುವ ಮರಗಳ ಪರಾಗಸ್ಪರ್ಶಕ್ಕೂ ಅದು ಬೇಕು.

ನಮ್ಮ ನೆಲದ ಎರಡು ರತ್ನಗಳು

ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. ರಾಟನ್ ಎಂಬವರ ಹೆಸರಿನ ಉದ್ದಕಿವಿಯ ಬಾವಲಿಯೊಂದನ್ನು 1913ರಲ್ಲಿ ಜಗತ್ತಿಗೆ ಪರಿಚಯಿಸಿದ್ದು ಇಲ್ಲಿಂದಲೇ. ಬಹುಕಾಲ ಅದು ಬೇರೆಲ್ಲೂ ಕಾಣದಿದ್ದುದರಿಂದ ಇದೊಂದೇ ಅದರ ನೆಲೆಯೆಂದು ನಂಬಲಾಗಿತ್ತು. ನಂತರ ಮೇಘಾಲಯ ಮತ್ತು ಕಾಂಬೋಡಿಯಾದಲ್ಲೂ ಪತ್ತೆಯಾಯಿತು. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು.

ಎರಡನೆಯದರ ಸ್ಥಿತಿ ಹೆಚ್ಚು ಕಳವಳಕಾರಿ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕೋಲಾರದ ಎಲೆಮೂಗಿನ ಬಾವಲಿ ಇಂದು ಉಳಿದಿರುವುದಾಗಿ ತಿಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ. ಗಣತಿಯಲ್ಲಿ ಸಿಕ್ಕ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಒಂದು ಸಾಧಾರಣ ಪ್ರೌಢಶಾಲೆಯ ಹಾಜರಿಗಿಂತ ಕಡಿಮೆ! ಸುತ್ತಲಿನ ಗ್ರಾನೈಟ್ ಗಣಿಗಾರಿಕೆಯೇ ಇದಕ್ಕೆ ದೊಡ್ಡ ಅಪಾಯವಾಗಿತ್ತು. ಅರಣ್ಯ ಇಲಾಖೆಯೊಡನೆ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಎಂಬ ಸಂಸ್ಥೆ ಇದರ ರಕ್ಷಣೆಗೆ ಶ್ರಮಿಸುತ್ತಿದೆ.

ಭಯ ಬೇಡ, ಎಚ್ಚರ ಸಾಕು

1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಆದರೆ ಜನರ ಮನಸ್ಸಿನ ಪಟ್ಟಿ ಅಷ್ಟು ಬೇಗ ಅಳಿಯದು. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಜ್ವರ ಕಾಣಿಸಿದ ಮೇಲೆ ಬಾವಲಿಯೆಂದರೆ ಬೆಚ್ಚುವವರು ಹೆಚ್ಚಾದರು. ಹಣ್ಣುಬಾವಲಿಗಳಲ್ಲಿ ಈ ವೈರಾಣು ಇರುವುದು ನಿಜವೇ. ಅದಕ್ಕೆ ಪರಿಹಾರ ಮರ ಕಡಿಯುವುದಲ್ಲ. ಕಚ್ಚಿದ ಹಣ್ಣನ್ನು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಹಣ್ಣನ್ನು ತೊಳೆದು ತಿನ್ನಬೇಕು. ಉಬ್ಬಸಕ್ಕೆ ಬಾವಲಿ ಮಾಂಸ ಮದ್ದು ಎಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಅದಕ್ಕಾಗಿ ಬೇಟೆಯಾಡುವುದು ಬಾವಲಿಗೂ ಕೇಡು, ಬೇಟೆಗಾರನಿಗೂ ಅಪಾಯ.

ಇಲಿಯಂತೆ ಬಾವಲಿ ಹತ್ತಾರು ಮರಿ ಹಾಕುವುದಿಲ್ಲ. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ. ಆದ್ದರಿಂದ ಒಮ್ಮೆ ಹಾಳಾದ ಸಂಸಾರ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಊರಮರದ ಬಾವಲಿಗಳು ಬೆದರದಿರಲೆಂದು ದೀಪಾವಳಿಯಲ್ಲಿ ಪಟಾಕಿಯನ್ನೇ ಹೊಡೆಯುವುದಿಲ್ಲ. ಯಾವ ಕಾಯ್ದೆಯೂ ಹೇಳದೆ ಜನ ತಾವಾಗಿ ಪಾಲಿಸಿಕೊಂಡು ಬಂದ ವ್ರತವಿದು. ನಮ್ಮ ಊರ ಗುಂಡುತೋಪಿನ ಹಳೆಯ ಮರವನ್ನು ರಸ್ತೆಗೋ ಕಟ್ಟಡಕ್ಕೋ ಉರುಳಿಸುವ ಮುನ್ನ, ಅದರಲ್ಲಿ ಜೋತಾಡುವ ನೂರಾರು ಸಂಸಾರಗಳನ್ನೂ ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.